ಆರು ದೇವರಿಗೆ ಕೊಟ್ಟ ವಿಳಾಸ

ಟೋಕಿಯೊ
ಮೇ ೭

ಚಿಜುರು, ನನ್ನ ಕಂದಾ,

ಹೇಗಿದ್ದೀಯೇ? ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು ಅನ್ನಲೂ ನಾಚಿಕೆ. ಹೋದ ವಾರ ನಿನ್ನ ಮಿತ್ಸು ಅತ್ತೆ ಬಂದು, ನಿನಗೀಗ ಐದು ತಿಂಗಳು ಎಂದಳು. ಅಕ್ಕಿ ತೊಳೆಯುತ್ತಿದ್ದೆ, ಅರ್ಧ ಅಕ್ಕಿ ನೀರಿನ ಜೊತೆ ಹೋಯಿತು. ನಾನು ಅಜ್ಜಿಯಾಗುತ್ತಿದ್ದೇನೆ ಕಣೇ!

ಮರುದಿನವೇ ಗುಡಿ ಸುತ್ತಲು ಹೊರಟೆ. ದೊಡ್ಡ ಗುಡಿಗಳ ಕಡೆ ತಲೆ ಹಾಕಲಿಲ್ಲ, ಆ ಜಾತ್ರೆಯಲ್ಲಿ ನಮ್ಮ ಮಾತು ದೇವರ ಕಿವಿಗೆ ಬೀಳುವುದು ಯಾವಾಗ? ನಮ್ಮ ಬೀದಿಗಳ ಪುಟ್ಟ ಗುಡಿಗಳೇ ಸರಿ. ಎರಡು ಕಟ್ಟಡಗಳ ಸಂದಿಯಲ್ಲಿ ಕಲ್ಲಿನ ನರಿಗಳು ಕಾಯುವ ಗುಡಿ ನೆನಪಿದೆಯಾ? ನಾನೀಗ ಅಲ್ಲಿಗೆ ಅಡ್ಡಡ್ಡ ನಡೆದು ಹೋಗಬೇಕು, ಅಷ್ಟು ದಪ್ಪಗಾಗಿದ್ದೇನೆ. ಔಷಧಿ ಅಂಗಡಿಯ ಮಾಳಿಗೆ ಮೇಲೂ ಒಂದಿದೆಯಂತೆ, ನಲವತ್ತು ವರ್ಷ ಕೆಳಗೇ ಓಡಾಡಿದವಳಿಗೆ ಗೊತ್ತಿರಲಿಲ್ಲ. ಮೂರು ದಿನಕ್ಕೆ ಆರು ಗುಡಿ! ಎಲ್ಲ ಕಡೆ ಬಾಗಿ, ಚಪ್ಪಾಳೆ ತಟ್ಟಿ, ಪದ್ಧತಿಯಂತೆ ನನ್ನ ಹೆಸರು ವಿಳಾಸ ಹೇಳಿ, ಹೆರಿಗೆ ಸುಸೂತ್ರವಾಗಲಿ ಎಂದು ಬೇಡಿಕೊಂಡೆ.

ಆರನೆಯ ಗುಡಿಯಲ್ಲಿ ಕಸ ಗುಡಿಸುತ್ತಿದ್ದ ಓಗಿನೊ ಅಜ್ಜಿಗೆ ನನ್ನ ಗೊಣಗಾಟ ಕೇಳಿಸಿತು.

"ಅಲ್ಲಮ್ಮಾ, ಹೆರೋಳು ಮಗಳು. ನಿನ್ನ ಮನೆ ವಿಳಾಸ ಕೊಟ್ಟರೆ ದೇವರು ಯಾರ ಮನೆಗೆ ಹೋಗ್ಬೇಕು? ಅವಳಿರೋದೆಲ್ಲಿ?"

ನಿನ್ನ ವಿಳಾಸ ಗೊತ್ತಿಲ್ಲ ಎನ್ನಲಾಗದೆ, ಅಜ್ಜಿಯ ಕೈಯಿಂದ ಪೊರಕೆ ತೆಗೆದುಕೊಂಡು ನಾನೇ ಗುಡಿಸತೊಡಗಿದೆ.

ನಿಮ್ಮಪ್ಪ ಕೇಳಿ ಹೊಟ್ಟೆ ಹಿಡಿದು ನಕ್ಕರು. "ಆರೂ ದೇವರು ಇಲ್ಲಿಗೇ ಬಂದ್ರೆ, ಅರವತ್ತೇಳಕ್ಕೆ ನೀನೇ ಹೆರ್ಬೇಕಾಗುತ್ತೆ." ಆಮೇಲೆ ಮೆಲ್ಲಗೆ, "ಒಂದು ಕಾರ್ಡಾದ್ರೂ ಹಾಕ್ಬಹುದಿತ್ತು ನಮ್ಮ ಹುಡುಗಿ" ಎಂದರು. ನಾನು ಟೀ ಮಾಡಲು ಎದ್ದೆ.

ಮಿತ್ಸು ಅತ್ತೆಯನ್ನು ಕೇಳಿದರೆ, "ಅವಳನ್ನ ಕೇಳದೆ ವಿಳಾಸ ಕೊಡಲ್ಲ ಅತ್ತಿಗೆ. ಕಾಗದ ಬರೀರಿ, ತಲುಪಿಸ್ತೀನಿ" ಎಂದಳು. ಈ ಕಾಗದದ ಜೊತೆಗೆ ಓಗಿನೊ ಅಜ್ಜಿ ಪೂಜೆ ಮಾಡಿಸಿಕೊಟ್ಟ ಬಿಳಿ ಪಟ್ಟಿ ಇದೆ. ಹತ್ತೊಂಬತ್ತಕ್ಕೆ ಪಂಚಾಂಗದಲ್ಲಿ ನಾಯಿದಿನ, ಅವತ್ತೇ ಹೊಟ್ಟೆಗೆ ಕಟ್ಟಿಕೋ, ನಾಯಿಯ ಹಾಗೆ ಹಗುರವಾಗಿ ಹೆರುತ್ತೀಯ. ಅಷ್ಟರೊಳಗೆ ವಿಳಾಸ ಬರೆದರೆ, ಆರೂ ಗುಡಿಗೆ ಮತ್ತೆ ಹೋಗಿ ತಿದ್ದಿ ಹೇಳಿ ಬರುತ್ತೇನೆ.

ನಿನಗೂ ಮಗುವಿಗೂ ನೂರು ವರ್ಷ ಆಯುಸ್ಸಾಗಲಿ. ಅಳಿಯನನ್ನೂ ಕೇಳಿದೆನೆಂದು ಹೇಳು. ಅಳಿಯ ಎಂದು ಬರೆದದ್ದು ಇದೇ ಮೊದಲು.

ನಿನ್ನ ಅಮ್ಮ,
ತೊಮಿಕೊ

ಮತ್ತೆ: ಮದುವೆಯಾದ ವರ್ಷ ನೀನು ಕಳಿಸಿದ ಹೊಸ ವರ್ಷದ ಕಾರ್ಡು ಬಂದಿತ್ತು. ಅದರಲ್ಲಿ ನಿನ್ನ ವಿಳಾಸವೂ ಇದ್ದಿರಬೇಕು. ಓದದೆ ಹರಿದು ಕಸಕ್ಕೆ ಹಾಕಿದೆ. ಬರಲೇ ಇಲ್ಲ ಎಂದು ನಿಮ್ಮಪ್ಪನಿಗೆ ಹೇಳಿದೆ. ಅವರು ಇಂದಿಗೂ ನಂಬಿದ್ದಾರೆ. ಈ ಕಾಗದ ಮಡಿಸಿದ ಮೇಲೆ ಪಕ್ಕದ ಕೋಣೆಗೆ ಹೋಗಿ ಅವರಿಗೂ ಹೇಳುತ್ತೇನೆ.