ನನಗೆ ಮಾತ್ರ ತಿಳಿಯದ ನಾತ

ಉಜ್ಜಿನಿ
೧೪-೯-೧೯೯೮

ಯಜಮಾನರಿಗೆ ಪಾಲಮ್ಮನ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನೀವೂ ಅತ್ತೆಯೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಕಾಗದಗಳು ಬಂದವು. ಉತ್ತರಿಸಲು ಇಷ್ಟು ತಡವಾಯಿತು, ಬೇಜಾರಾಗಬೇಡಿ. ಪೆನ್ನು ಹಿಡಿದಾಗಲೆಲ್ಲ ನಾಚಿಕೆಯೋ ಸಿಟ್ಟೋ ಒಂದು ಅಡ್ಡ ಬರುತ್ತಿತ್ತು. ಇದನ್ನು ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ನೀವೊಬ್ಬರೇ ಓದಿ.

ಹೇಳದೆ ಕೇಳದೆ ಕೂಡ್ಲಿಗಿಯಿಂದ ತವರಿಗೆ ಯಾಕೆ ಬಂದೆ ಎಂದು ಕೇಳಿದ್ದೀರಿ. ಅತ್ತೆ ಹೇಳಿಲ್ಲವೆಂದರೆ ನಾನೇ ಹೇಳುತ್ತೇನೆ.

ಯುಗಾದಿ ಕಳೆದ ಮೇಲೆ ನೀವು ನನಗೆ ಹೊಲಿಗೆ ಅಂಗಡಿಗೆ ಬರಬೇಡ ಎಂದಿರಿ. ಗುಂಡಿ ಹಚ್ಚುವ ಕೆಲಸವನ್ನು ಮನೆಗೇ ತಂದುಕೊಟ್ಟಿರಿ. ಆಮೇಲೆ ಸೆಕೆ ಎಂದು ಹೊರಗೆ ಕಟ್ಟೆಯ ಮೇಲೆ ಮಲಗತೊಡಗಿದಿರಿ. ಮಳೆ ಹಿಡಿದು ತಂಪಾದರೂ ಒಳಗೆ ಬರಲಿಲ್ಲ. ಆದರೂ ಸಂಜೆ ತಪ್ಪದೆ ಹಡಗಲಿ ಮಲ್ಲಿಗೆ ತರುತ್ತಿದ್ದಿರಿ. ಹೂವಿಗೆ ಘಮವೇ ಇಲ್ಲ, ಹಳೆಯದನ್ನು ಕಟ್ಟಿ ಕೊಟ್ಟಿದ್ದಾರೆ ಎಂದು ನಾನು ಬೈದರೆ ಸುಮ್ಮನಿರುತ್ತಿದ್ದಿರಿ. ಬೇರೆ ಯಾರೋ ಇದ್ದಾಳೆ, ಆ ತಪ್ಪು ಮುಚ್ಚಲು ಹೂವು ತರುತ್ತಾರೆ ಎಂದೇ ನಾನು ತಿಳಿದೆ.

ಅವತ್ತು ಅದನ್ನೇ ಅತ್ತೆಯ ಮುಂದೆ ಆಡಿಬಿಟ್ಟೆ. ನಿಮ್ಮ ಮಗ ಯಾರ ಮನೆ ಹಿಡಿದಿದ್ದಾರೆ ಎಂದು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ರಾಮಾಂಜಿನಿ ಎಲ್ಲಿಗೂ ಹೋಗಂಗಿಲ್ಲವ್ವ. ನಿನ್ನ ಮೂಗಿಂದ ಕೊಳೆತ ನಾತ ಬರ್ತೈತಿ. ಅಂಗಡಿಗೆ ಬಂದ ಗಿರಾಕಿ ಹೊರಗ ನಿಲ್ಲಾಕ ಹತ್ತಿದ್ರು. ನಿನಗ ನೋವಾಗ್ತೈತಿ ಅಂತ ಅವ ಬಾಯಿ ಬಿಚ್ಚಿಲ್ಲ. ನನಗೂ ಬಿಚ್ಚಬ್ಯಾಡ ಅಂದಾನ."

ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿದೆ. ಸೀರೆ ಮೂಸಿದೆ, ತಲೆದಿಂಬು ಮೂಸಿದೆ. ಏನೂ ತಿಳಿಯಲಿಲ್ಲ. ಸುಳ್ಳು ಹೇಳುತ್ತೀರಿ ಎಂದು ಜಗಳಕ್ಕೆ ತಿರುಗಿದರೆ ಅತ್ತೆ ಸೆರಗನ್ನು ಮೂಗಿಗೆ ಹಿಡಿದಿದ್ದರು, ಕಣ್ಣಲ್ಲಿ ನೀರಿತ್ತು. ಅವತ್ತೇ ಉಜ್ಜಿನಿಗೆ ಹೊರಟೆ. ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ಮೊದಲೂ ಹೀಗೆ ಎಷ್ಟು ಜನ ಎದ್ದುಹೋಗಿದ್ದರೋ. ಜಾಗ ಸಿಕ್ಕಿತೆಂದು ನಾನು ಕಾಲು ಚಾಚಿ ಕೂತಿರುತ್ತಿದ್ದೆ.

ಅಣ್ಣ ಹೊಸಪೇಟೆಯಲ್ಲಿ ಮೂಗಿನ ಡಾಕ್ಟರಿಗೆ ತೋರಿಸಿದ. ಇದು ಪೀನಸವಂತೆ. ಮೂಗಿನೊಳಗೆ ಹಕ್ಕಳೆ ಕಟ್ಟಿ ಕೊಳೆಯುತ್ತದಂತೆ, ರೋಗ ಇದ್ದವರಿಗೆ ಯಾವ ವಾಸನೆಯೂ ತಿಳಿಯುವುದಿಲ್ಲವಂತೆ. ದಿನವೂ ಉಪ್ಪುನೀರಿನಲ್ಲಿ ಮೂಗು ತೊಳೆದು ಔಷಧದ ಹನಿ ಹಾಕಿಕೊಳ್ಳುತ್ತಿದ್ದೇನೆ. ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಅತ್ತಿಗೆ ಕೆಂಚಕ್ಕ ಪಕ್ಕದಲ್ಲೇ ಕೂತು ಉಣ್ಣುತ್ತಾಳೆ, ಈಗ ಬಹಳ ಕಡಿಮೆ ಎನ್ನುತ್ತಾಳೆ. ಅವಳನ್ನು ನಂಬಲೋ ಬೇಡವೋ. ನಿಮ್ಮನ್ನೂ ನಂಬಿದ್ದೆನಲ್ಲ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಬಾಯಿಬಿಟ್ಟು ಹೇಳಿದ್ದರೆ ಒಂದು ದಿನ ಅಳುತ್ತಿದ್ದೆ, ಮರುದಿನ ಆಸ್ಪತ್ರೆಗೆ ಹೋಗುತ್ತಿದ್ದೆ. ಗಿರಾಕಿಗಳಿಗೆಲ್ಲ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇನ್ನು ಮುಂದೆ ನಾತ ಇದ್ದರೆ ಇದೆ ಎಂದು ಎದುರಿಗೇ ಹೇಳಬೇಕು. ಅದು ನಿಮ್ಮಿಂದ ಆಗುವುದಾದರೆ ಮಾತ್ರ ಕರೆಯಲು ಬನ್ನಿ.

ಮರುಳಸಿದ್ಧ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ. ಅತ್ತೆಗೆ ನನ್ನ ಶರಣು ತಿಳಿಸಿ. ನಿಜ ಹೇಳಿದವರು ಅವರೊಬ್ಬರೇ.

ನಿಮ್ಮ
ಪಾಲಮ್ಮ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಒಪ್ಪಲಿಲ್ಲ. ನೀವು ಹೆಣ್ಣು ನೋಡಲು ಬಂದ ದಿನ ಅವ್ವ ನನ್ನನ್ನು ಅಂಗಳದಲ್ಲಿ, ದೂರಕ್ಕೆ ಕೂರಿಸಿದ್ದಳು. ತಲೆ ಎತ್ತಬೇಡ, ಮಾತಾಡಬೇಡ ಎಂದಿದ್ದಳು. ಮರ್ಯಾದೆಗೆ ಎಂದುಕೊಂಡಿದ್ದೆ. ಇದು ಹಳೆಯ ರೋಗ ಎಂದು ಡಾಕ್ಟರು ಹೇಳಿದ ಮೇಲೆ ಅವಳನ್ನು ಕೇಳಿದೆ. "ದೊಡ್ಡಾಕಿ ಆದಾಗಿಂದ ಆಗಾಗ ಬರ್ತಿತ್ತು. ಹೇಳಿದ್ದರ ನಿನ್ನ ಯಾರು ಮಾಡ್ಕೊತಿದ್ರು?" ಎಂದಳು. ಅವಳ ಜೊತೆ ನಾನು ಮಾತು ಬಿಟ್ಟಿದ್ದೇನೆ. ಮೋಸ ಹೋದವರು ನೀವು. ಹಿರಿಯರನ್ನು ಕೂಡಿಸಿ ಇದನ್ನು ಹೇಳಿ ನೀವು ನನ್ನನ್ನು ಬಿಟ್ಟುಬಿಟ್ಟರೂ ಯಾರೂ ನಿಮ್ಮದು ತಪ್ಪು ಎನ್ನಲಾರರು, ನಾನೂ ಎನ್ನುವುದಿಲ್ಲ. ಬರುವುದಾದರೆ ಇದು ತಿಳಿದೇ ಬನ್ನಿ.