ಹೊಳೆ ದಾಟಿ ಬಂದ ಆಕ್ಷೇಪಣೆ

16-4-86, ಬುಧವಾರ

ರಿಬ್ಬನ್ ಮತ್ತೆ ಹರಿಯಿತು. ಬೆರಳೆಲ್ಲ ಮಸಿ. ಸ್ಟೋರಿನವನನ್ನು ಕೇಳಿದರೆ "ಇಂಡೆಂಟ್ ಟೈಪ್ ಮಾಡಿ ಕೊಡ್ರಿ ಬಾಯಾರ" ಎನ್ನುತ್ತಾನೆ. ರಿಬ್ಬನ್ ಇಲ್ಲದೆ ಹೇಗೆ ಟೈಪ್ ಮಾಡಲಿ ಎಂದರೆ ನಾಲ್ಕು ಟೇಬಲ್ಲಿನವರೂ ಸೇರಿ ನಗುತ್ತಾರೆ. ಹರಿದ ರಿಬ್ಬನ್ನಿಗೇ ಗಂಟು ಹಾಕಿ ಮತ್ತೆ ಸುತ್ತಿದೆ.

ಸವಣೂರಿನ ನಮ್ಮ ಆಫೀಸಿಗೆ ಬಂದ ಹೊಸ ಸಾಹೇಬರಿಗೆ ನನ್ನನ್ನೇ ಟೈಪಿಸ್ಟ್ ಎಂದು ಹಾಕಿದ್ದಾರೆ. ಮೈಸೂರು ಕಡೆಯವರು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು — ನಾಲ್ಕೂ ತಾಲ್ಲೂಕಿನ ಮಂಡಲ ಪಂಚಾಯಿತಿಗಳ ಗಡಿ ಹಾಕುವ ಕೆಲಸ. ಹಳೆಯ ಗ್ರಾಮ ಪಂಚಾಯಿತಿಗಳನ್ನು ಒಡೆದು, ಹಳ್ಳಿಗಳನ್ನು ಗುಂಪು ಮಾಡಿ, ಒಂದೊಂದು ಮಂಡಲಕ್ಕೆ ಎಂಟರಿಂದ ಹನ್ನೆರಡು ಸಾವಿರ ತಲೆ ಬರುವಂತೆ ನೋಡಬೇಕು. ಸಾಹೇಬರ ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ನಕ್ಷೆಯ ಮೇಲೆ ಊರುಗಳಿಗೆ ಸುತ್ತು ಹಾಕುತ್ತಾರೆ, ತಲೆ ಎಣಿಸುತ್ತಾರೆ, ಹೆಚ್ಚಾದರೆ ಒಂದು ಊರನ್ನು ಸುತ್ತಿನಿಂದ ಆಚೆ ದಬ್ಬುತ್ತಾರೆ. ಆ ಊರು ಎಂಥದು, ಯಾರಿದ್ದಾರೆ — ಒಂದೂ ಕೇಳಲಿಲ್ಲ.

ಅವ್ವ ಕೇಳಿದಳು, "ಹೊಸಾ ಸಾಹೇಬ್ರು ಹ್ಯಾಂಗಿದ್ದಾರ ಗೋಪಿ?" ಇಸ್ತ್ರಿ ಚೆನ್ನಾಗಿದೆ ಎಂದೆ.

22-4-86

ಸ್ಥಳ ಪರಿಶೀಲನೆಯಂತೆ. ಜೀಪು ನಡೆಸಿದವನು ನಮ್ಮ ಆಫೀಸಿನ ಡ್ರೈವರ್ ಖಾದರಸಾಬ. ಮುಂದಿನ ಸೀಟಿನಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಹೊಸಗುತ್ತಿಯ ಕುಬೇರಪ್ಪ. ಹಿಂದೆ ನಾನು, ಫೈಲುಗಳು, ಕುಬೇರಪ್ಪ ಸಾಹೇಬರಿಗೆಂದು ತಂದ ಮಾವಿನಕಾಯಿಯ ಚೀಲ.

ಕುಬೇರಪ್ಪ ಮೊದಲು ಪಂಚಾಯಿತಿ ಚೇರ್ಮನ್. ಹೋದ ಸಲ ಸೋತ. ಹೊಸಗುತ್ತಿಯಿಂದ ಅರ್ಧ ಮೈಲು ದೂರ ಕುರಿದಡ್ಡಿ ಎಂಬ ಸಣ್ಣ ವಸತಿ ಇದೆ, ಕುರುಬರ ಮನೆಗಳೇ ಹೆಚ್ಚು. ಅಲ್ಲಿಯ ಒಂದು ಓಟೂ ಅವನಿಗೆ ಬಿದ್ದಿರಲಿಲ್ಲ. ಈಗ ಮಂಡಲದ ಪ್ರಧಾನನಾಗುವ ಆಸೆ. ಆದ್ದರಿಂದ ಕುರಿದಡ್ಡಿಯನ್ನು ಕಿತ್ತು ವರದಾ ಹೊಳೆಯ ಆಚೆ ದಂಡೆಯ ಕೋಡಗೇರಿ ಮಂಡಲಕ್ಕೆ ಹಚ್ಚಿಬಿಟ್ಟರೆ ಅವನ ಪೀಡೆ ಹೋಯಿತು. ಇದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. "ಜನಸಂಖ್ಯಾ ಬರೋಬ್ಬರಿ ಕುಂದ್ರತೈತ್ರಿ ಸಾಹೇಬ್ರ" ಎನ್ನುತ್ತಾನೆ.

ಹೊಳೆಯಲ್ಲಿ ನೀರಿಲ್ಲ. ಹೆಂಗಸರು ಮರಳಿನಲ್ಲಿ ವರ್ತಿ ತೋಡಿ ಬಟ್ಟಲಿನಿಂದ ಕೊಡ ತುಂಬುತ್ತಿದ್ದರು. ಜೀಪು ಮರಳಿನ ಮೇಲೆಯೇ ಆಚೆ ದಂಡೆಗೆ ಹೋಯಿತು.

"ಎಲ್ರೀ ನದಿ? ಇದೇನಾ?" ಎಂದು ಸಾಹೇಬರು ನಕ್ಕರು. ಕುಬೇರಪ್ಪನೂ ನಕ್ಕ. ಅಲ್ಲೇ ಡಿಕ್ಟೇಶನ್ — ಕುರಿದಡ್ಡಿ ಮತ್ತು ಕೋಡಗೇರಿಗಳ ನಡುವೆ ಯಾವುದೇ ನೈಸರ್ಗಿಕ ಅಡೆತಡೆ ಕಂಡುಬರುವುದಿಲ್ಲ.

"ಸರ್, ಮಳೆಗಾಲದಾಗ ಇಲ್ಲೆ..." ಎಂದೆ.

"ನೀವು ಬರ್ಕೊಳ್ರೀ."

ಬರೆದುಕೊಂಡೆ. ಮನೆಗೆ ಬಂದು ಸ್ನಾನ ಮಾಡಿದೆ. ಮೈಗೆ ಹತ್ತಿದ ಧೂಳು ಹೋಯಿತು, ಅಷ್ಟೇ.

26-6-86, ಗುರುವಾರ

ಎರಡು ತಿಂಗಳಿಂದ ಬರೆಯಲು ಮನಸ್ಸೇ ಆಗಿಲ್ಲ. ಟೈಪ್, ಟೈಪ್, ಟೈಪ್. ಬಂಕಾಪುರದ ಹತ್ತಿರದ ಎರಡು ಊರಿನವರು ಮಂಡಲಕ್ಕೆ ಯಾರ ಊರಿನ ಹೆಸರಿಡಬೇಕೆಂದು ಆಫೀಸಿನಲ್ಲೇ ಅಂಗಿ ಹಿಡಿದು ಎಳೆದಾಡಿದರು. ಹಾನಗಲ್ಲಿನಲ್ಲಿ ಒಬ್ಬ ತನ್ನ ಹೊಲವೊಂದು ಇನ್ನೊಂದು ಮಂಡಲಕ್ಕೆ ಹೋಗುತ್ತದೆಂದು ಸಾಹೇಬರ ಕಾಲು ಹಿಡಿದ. ಸಾಹೇಬರು ಕಾಲು ಹಿಂದೆ ತೆಗೆದುಕೊಳ್ಳಲೂ ಇಲ್ಲ.

ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಿಯಾಯಿತು. ಕುರಿದಡ್ಡಿ ಹೊಳೆಯ ಆಚೆ ಹೋಗಿದೆ.

ಇವತ್ತು ಅಲ್ಲಿಂದ ಒಬ್ಬ ಹೆಂಗಸು ಬಂದಳು. ಮಾದೇವಿ. ನಲವತ್ತರ ಮೇಲಿರಬಹುದು. ಕಚ್ಚೆ ಸೀರೆ, ಹೆಗಲ ಮೇಲೆ ಕಂಬಳಿ. ಕುಂತ್ರಿ ಎಂದರೂ ಕೂಡಲಿಲ್ಲ.

"ಅಕ್ಕಾರ, ನಮ್ಮನ್ನ ಕೋಡಗೇರಿಗೆ ಹಾಕ್ಯಾರಂತ, ಖರೆ ಏನ್ರಿ?"

ಖರೆ ಎಂದೆ.

"ರೇಷನ್ ಅಲ್ಲೇ, ನರ್ಸಬಾಯಿ ಅಲ್ಲೇ, ಅರ್ಜಿ ಅಲ್ಲೇ. ಹೊಸಗುತ್ತಿ ನರ್ಸಬಾಯಿ ಇನ್ನ ನಮ್ಮ ಕಡೆ ಹೊಳ್ಳಿ ನೋಡಂಗಿಲ್ಲಂತ. ಮಳಿಗಾಲ ನಾಕ ತಿಂಗಳ ಹೊಳಿ ತುಂಬಿರತೈತ್ರಿ. ಎರಿ ಹೊಲದ ದಾರಿ, ಬಸ್ಸೂ ಬರಂಗಿಲ್ಲ. ಹೆರಿಗಿ ಬ್ಯಾನಿ ಏನ ಹೊಳಿ ನೋಡಿ ಬರ್ತಾವೇನ್ರಿ?"

ಅವಳ ಸೊಸೆಗೆ ಈಗ ಆರು ತಿಂಗಳಂತೆ. ಭಾದ್ರಪದಕ್ಕೆ ದಿನ ತುಂಬುತ್ತದೆ. ಅದನ್ನು ಹೇಳುವಾಗ ಮಾತ್ರ ದನಿ ಸ್ವಲ್ಪ ಇಳಿಯಿತು.

ಆಕ್ಷೇಪಣೆ ನಾನೇ ಟೈಪ್ ಮಾಡಿಕೊಟ್ಟೆ. ವಿಚಾರಣೆ ಜುಲೈ 16, ಬುಧವಾರ, ಕೋಡಗೇರಿ ಶಾಲೆಯಲ್ಲಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಹೊಳೆಯ ಆಚೆಯೇ ಯಾಕೆ? ಪ್ರಸ್ತಾವಿತ ಕೇಂದ್ರಸ್ಥಾನವಂತೆ. ಆ ಸಲಹೆ ಕೊಟ್ಟವನು ಕುಬೇರಪ್ಪ. ಮಾದೇವಿ ಹೆದರಲಿಲ್ಲ. "ಅಷ್ಟೊತ್ತಿಗೆ ಹರಗೋಲು ಬಿಟ್ಟಿರ್ತಾರ್ರಿ. ಬರ್ತೇವ್ರಿ, ಎಲ್ಲಾರೂ ಬರ್ತೇವಿ."

9-7-86

ಮೂರು ದಿನದಿಂದ ಬಿಡದೆ ಮಳೆ. ವರದೆಗೆ ಹೊಸ ನೀರು ಬಂದಿದೆಯಂತೆ, ಕೆಂಪಗೆ, ದಂಡೆ ತುಂಬ. ಕೇಳಿ ಸಂತೋಷವಾಯಿತು. ಬುಧವಾರ ಸಾಹೇಬರು ಬಂದು ತಮ್ಮ ನೈಸರ್ಗಿಕ ಅಡೆತಡೆಯನ್ನು ಕಣ್ಣಾರೆ ನೋಡಲಿ.

11-7-86, ಶುಕ್ರವಾರ

ಕುಬೇರಪ್ಪ ಕೆಸರು ಮೆತ್ತಿದ ಚಕ್ಕಡಿಯಲ್ಲಿ ಸವಣೂರಿಗೆ ಬಂದು ಅಳಿಯನ ಮನೆಯಲ್ಲಿ ಠಿಕಾಣಿ ಹೂಡಿದ್ದಾನೆ. ಮಧ್ಯಾಹ್ನ ಸಾಹೇಬರ ಕೋಣೆಯಲ್ಲಿ ಒಂದು ತಾಸು. ಆಮೇಲೆ ನನಗೆ ಕರೆ. ವಿಚಾರಣೆ ಬುಧವಾರ ಅಲ್ಲ, ಸೋಮವಾರ, 14ಕ್ಕೆ. "ಬುಧವಾರ ಹಿರೇಕೆರೂರಲ್ಲಿ ಕೆಲಸ ಇದೆ ಕಣ್ರೀ." ಹಿರೇಕೆರೂರಿನ ಪ್ರೋಗ್ರಾಮ್ ಟೈಪ್ ಮಾಡಿದವಳು ನಾನೇ. ಅದು ಮುಂದಿನ ತಿಂಗಳು.

ಎರಡು ದಿನ ಮೊದಲಾದರೆ ಕುಬೇರಪ್ಪನಿಗೆ ಏನು ಲಾಭ? ಅರ್ಥವಾಗಲಿಲ್ಲ. ಖಾದರಸಾಬನ ತಂಗಿ ಹಮೀದುನ್ನೀಸಾಳನ್ನು ಹೊಸಗುತ್ತಿಗೆ ಕೊಟ್ಟಿದೆ, ಆ ಕಡೆಯ ರೂಢಿ ಅವನಿಗೆ ಗೊತ್ತು. ಅವನಿಗೆ ಹೇಳಿದ ತಕ್ಷಣ ಹಣೆ ಬಡಿದುಕೊಂಡ.

"ಬಾಯಾರ, ಹೊಸಾ ನೀರು ಬಂದ ಮ್ಯಾಲೆ ಮಂಗಳವಾರ ಹೊಳಿಗೆ ಉಡಿ ತುಂಬ್ತಾರ್ರಿ. ಸೀರಿ, ಖಣ, ಕಾಯಿ ಎಲ್ಲಾ ಕೊಟ್ಟು. ಅದು ಆಗೂ ತನಕ ಅಂಬಿಗರು ಹರಗೋಲು ನೀರಿಗೆ ಇಳಿಸಂಗಿಲ್ರಿ. ಜೀವ ಹೋದ್ರೂ ಇಳಿಸಂಗಿಲ್ಲ."

ಮಂಗಳವಾರ 15. ವಿಚಾರಣೆ 14. ಕುಬೇರಪ್ಪ ದೇವರನ್ನೂ ಕೆಲಸಕ್ಕೆ ಹಚ್ಚಿದ್ದಾನೆ. ಥೂ. ಹೊಸ ತಾರೀಖಿನ ಡಂಗುರ ಸಾರಿಸಿದ್ದು ಕೋಡಗೇರಿಯಲ್ಲಿ ಮಾತ್ರ.

12-7-86

ಖಾದರಸಾಬನನ್ನು ತಂಗಿಯ ಮನೆಗೆ ಕಳಿಸಿದೆ. ಬಸ್ಸಿಲ್ಲ, ಕೆಸರಲ್ಲಿ ನಡೆದೇ ಹೋಗಬೇಕು. ಹೋದ, ಪುಣ್ಯಾತ್ಮ. ಹೇಳಿ ಕಳಿಸಿದ್ದು ಇಷ್ಟು — ತಾರೀಖು ಸೋಮವಾರಕ್ಕೆ ಬಂದಿದೆ, ಬರದಿದ್ದರೆ ಗೈರುಹಾಜರಿ ಬರೆಯುತ್ತಾರೆ, ಹೇಗಾದರೂ ಮಾಡಿ ಬರ್ರಿ.

ಅವ್ವ ಬೈದಳು. "ನಿನಗ್ಯಾಕ ಬೇಕವಾ ಊರ ಉಸಾಬರಿ? ಟೈಪ್ ಮಾಡ್ಲಿಕ್ಕೆ ಪಗಾರ ಕೊಡ್ತಾರ, ಟೈಪ್ ಮಾಡು." ಅವಳು ಹೇಳುವುದರಲ್ಲಿ ತಪ್ಪೇನಿಲ್ಲ, ಅದೇ ಸಿಟ್ಟು ಬರುವುದು.

14-7-86, ಸೋಮವಾರ, ಸಂಜೆ

ಮರೆಯುವ ಮೊದಲು ಬರೆಯುತ್ತೇನೆ. ಇವತ್ತು ಮನಸ್ಸು ಹಗುರಾಗಿದೆ. ಎಷ್ಟು ದಿನವಾಯಿತೋ.

ಜೀಪಿನಲ್ಲಿ ದೂರದ ಸೇತುವೆಯನ್ನು ಸುತ್ತಿ ಹೋಗಿ, ಸಾಹೇಬರು, ಕುಬೇರಪ್ಪ ಎಲ್ಲ ಹತ್ತೂವರೆಗೆ ಕೋಡಗೇರಿ ಶಾಲೆಯಲ್ಲಿ ಕೂತರು. ಪ್ಯೂನ್ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ — "ಕುರಿದಡ್ಡಿಯವರು ಯಾರರ ಅದೀರೇನ್ರಿ?" ಯಾರೂ ಇಲ್ಲ. ಕುಬೇರಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಸಾಹೇಬರು "ಗೈರು" ಎಂದರು. ಎಲ್ಲರೂ ಗೌಡರ ಮನೆಗೆ ಹೋಳಿಗೆ ಊಟಕ್ಕೆ ಎದ್ದರು. ನಾನು ಹೋಗಲಿಲ್ಲ. ಜಗಲಿಯಲ್ಲಿ ಕೂತು ಮನೆಯಿಂದ ತಂದ ಅವಲಕ್ಕಿ ತಿನ್ನುತ್ತಿದ್ದೆ.

ಆಗ ಹೊಳೆಯ ಕಡೆಯಿಂದ ಕೂಗು. ಓಡಿದೆ.

ನಡುಹೊಳೆಯಲ್ಲಿ ಹರಗೋಲು. ಬುಟ್ಟಿಯ ಹಾಗೆ ಗಿರಗಿರ ತಿರುಗುತ್ತಿತ್ತು. ಕೆಂಪು ನೀರಲ್ಲಿ ಒಂದು ಇಡೀ ಜಾಲಿಮರ ಬೇರು ಸಮೇತ ತೇಲಿ ಬಂತು. ಅಂಬಿಗರ ಉಳಿವೆಪ್ಪ ಹುಟ್ಟಿನಿಂದ ಅದನ್ನು ತಳ್ಳಿದ. ಬಹಳ ಕೆಳಗೆ ಹೋಗಿ ಒಂದು ಹುಣಸೆಮರದ ಬಳಿ ದಂಡೆ ಹಿಡಿದರು. ಮಾದೇವಿ ಮೊದಲು ಇಳಿದಳು. ಎರಡು ಸಲ ಹೋಗಿ ಬಂದು ಹದಿನೈದು ಇಪ್ಪತ್ತು ಜನರನ್ನು ತಂದರು.

"ಉಡಿ?" ಎಂದೆ.

"ಮುಂಜಾನೆ ತುಂಬಿದ್ವಿರಿ ಅಕ್ಕಾರ. ನನ್ನ ಇಳಕಲ್ ಸೀರಿ ಕೊಟ್ಟೆ. ತಾಯಿ, ಒಂದ ದಿನ ಮೊದ್ಲ ತಗೋ, ತಪ್ಪಿದ್ರ ನನ್ನ ಮ್ಯಾಲಿರ್ಲಿ ಅಂತ ಬೇಡಿಕೊಂಡೆ. ಉಳಿವೆಪ್ಪನ ಅವ್ವ ಅತ್ತಕೋಂತ ಅಡ್ಡ ಮಲಗಿದ್ಲ್ರಿ. ಆಕಿ ಕಾಲ ಹಿಡಿದು ಎಬ್ಬಿಸಿದ್ವಿ."

ಸಾಹೇಬರು ಎಲೆ ಅಡಿಕೆ ಜಗಿಯುತ್ತ ಬಂದರು. "ವಿಚಾರಣೆ ಮುಗಿದೋಯ್ತಲ್ರೀ." ನಾನು ನೋಟಿಸು ತೋರಿಸಿದೆ. "ಐದರವರೆಗೆ ಅಂತ ಅದ ಸರ್." ನನ್ನ ಮುಖ ನೋಡಿದರು. ಕುಬೇರಪ್ಪ ಏನೋ ಹೇಳಲು ಬಾಯಿ ತೆರೆದ. ಸಾಹೇಬರು ಅವನನ್ನು ಕೈಯಿಂದ ತಡೆದು, ಹೊಳೆಯ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಂದು ಕುರ್ಚಿಯಲ್ಲಿ ಕೂತರು.

"ಆಯ್ತು. ಕೇಳೋಣ. ಎಲ್ಲಾ ಬರ್ಕೊಳ್ರೀ."

ಎಷ್ಟು ಸಮಾಧಾನದಿಂದ ಕೇಳಿದರು! ಯಾವಾಗ ಹೊರಟಿರಿ, ದಾಟಲು ಎಷ್ಟು ಹೊತ್ತಾಯಿತು, ಹೆಂಗಸರು ಎಷ್ಟು, ಮುದುಕರು ಎಷ್ಟು. ಯಾರಿಗೂ ಪೆಟ್ಟಾಗಲಿಲ್ಲ ತಾನೆ?

"ಇಲ್ರಿ. ಎಲ್ಲಾರೂ ಸುಖರೂಪ ಬಂದೇವ್ರಿ" ಎಂದಳು ಮಾದೇವಿ, ಎದೆ ಎತ್ತಿ.

ನರ್ಸಬಾಯಿಯ ಮಾತು, ಸೊಸೆಯ ಮಾತು, ಎಲ್ಲ ಹೇಳಿದಳು. ಸಾಹೇಬರು ತಲೆಯಾಡಿಸಿದರು. ಕುಬೇರಪ್ಪನ ಮುಖ ನೋಡಬೇಕಿತ್ತು. ಒಂದಕ್ಷರ ಬಿಡದೆ ಬರೆದುಕೊಂಡೆ. ಈ ಮನುಷ್ಯನನ್ನು ನಾನೇ ತಪ್ಪು ತಿಳಿದಿದ್ದೆನೋ ಏನೋ.

ಅವ್ವನಿಗೆ ಎಲ್ಲ ಹೇಳಿದೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು, ಬೈಯುತ್ತಲೇ.

22-7-86

ಫೈಲು ಇನ್ನೂ ಸಾಹೇಬರ ಟೇಬಲ್ಲಿನ ಮೇಲೆ. ಕೇಳಿದೆ. "ಮಾಡೋಣ ಕಣ್ರೀ, ಅವಸರ ಏನು?"

30-7-86, ಬುಧವಾರ

ಆದೇಶ ಡಿಕ್ಟೇಟ್ ಮಾಡಿದರು. ಇಲ್ಲಿ ಇಳಿಸುತ್ತೇನೆ. ನನ್ನ ಬೆರಳುಗಳೇ ಹೊಡೆದ ಅಕ್ಷರ.

"ಆಕ್ಷೇಪಣೆದಾರರು ದಿನಾಂಕ 14-7-86ರಂದು ನದಿಯು ತುಂಬಿ ಹರಿಯುತ್ತಿದ್ದಾಗ್ಯೂ, ಮಹಿಳೆಯರು ಹಾಗೂ ವೃದ್ಧರನ್ನೊಳಗೊಂಡಂತೆ ಸುರಕ್ಷಿತವಾಗಿ ನದಿ ದಾಟಿ ವಿಚಾರಣೆಗೆ ಹಾಜರಾಗಿದ್ದು, ತಾವು ಸುಖರೂಪವಾಗಿ ಬಂದಿರುವುದಾಗಿ ಸ್ವತಃ ಹೇಳಿಕೆ ನೀಡಿರುತ್ತಾರೆ. ಆದ್ದರಿಂದ ಮಳೆಗಾಲದಲ್ಲಿ ಕೋಡಗೇರಿಯೊಂದಿಗೆ ಸಂಪರ್ಕ ಸಾಧ್ಯವಿಲ್ಲವೆಂಬ ಅವರ ವಾದವನ್ನು ತಿರಸ್ಕರಿಸಲಾಗಿದೆ."

ಬರೆದುಕೊಳ್ಳುತ್ತಿದ್ದ ಪೆನ್ಸಿಲ್ ಕೆಳಗಿಟ್ಟೆ. "ಸರ್, ಇದು..."

"ಏನ್ರೀ? ಅವ್ರು ಹೇಳಿದ್ದನ್ನೇ ತಾನೆ ಹಾಕಿರೋದು? ನೀವೇ ಬರ್ಕೊಂಡಿದ್ದೀರಿ."

ಅವತ್ತು ಕುರ್ಚಿಯಲ್ಲಿ ಕೂತದ್ದು ಇದಕ್ಕೆ. ಒಂದೊಂದು ಪ್ರಶ್ನೆಯೂ ಇದಕ್ಕೆ. ಯಾರಿಗೂ ಪೆಟ್ಟಾಗಲಿಲ್ಲ ತಾನೆ? — ಅದೂ ಇದಕ್ಕೇ. ನಾನು ಕತ್ತೆಯ ಹಾಗೆ ಖುಷಿಯಿಂದ ಬರೆದುಕೊಂಡೆ. ಕುಬೇರಪ್ಪನಾದರೂ ಹಳ್ಳಿಯ ಪುಂಡ, ಅವನ ಹೊಲಸು ಬರಿಗಣ್ಣಿಗೆ ಕಾಣುತ್ತದೆ. ಇವರದು ಇಸ್ತ್ರಿ ಹಾಕಿದ ಹೊಲಸು.

ಟೈಪ್ ಮಾಡುವುದಿಲ್ಲ ಎಂದೆ. ಮಾಡಬೇಡಿ, ಬೇರೆಯವರು ಮಾಡುತ್ತಾರೆ, ನಿಮಗೆ ಹಿರೇಕೆರೂರು ಚೆನ್ನಾಗಿರುತ್ತೆ ಎಂದರು, ನಗುತ್ತಲೇ. ಅವ್ವನಿಗೆ ಎಪ್ಪತ್ತೆರಡು. ಮಡಿ ನೀರಿಗೆ ನಮ್ಮ ಹಿತ್ತಲ ಬಾವಿಯೇ ಆಗಬೇಕು.

ಮಾಡಿದೆ. ಮೂರು ಕಾರ್ಬನ್ ಪ್ರತಿ.

31-7-86

ರಜೆ. ತಲೆನೋವೆಂದು ಅವ್ವನಿಗೆ ಹೇಳಿದೆ.

8-8-86, ಶುಕ್ರವಾರ

ಮಾದೇವಿ ಬಂದಿದ್ದಳು. ಹೊತ್ತು ಮೂಡುವ ಮೊದಲೇ ಹೊರಟು ನಡೆದು ಬಂದಳಂತೆ, ಕಾಲೆಲ್ಲ ಎರೆಮಣ್ಣು. ನನಗೆಂದು ಒಂದು ಗಡಿಗೆ ಮೊಸರು. ಬಾಯಿಗೆ ಬಾಳೆ ಎಲೆ ಕಟ್ಟಿತ್ತು.

"ಆರ್ಡರ್ ಬಂದೈತಂತಲ್ರಿ. ಅಕ್ಕಾರ ಬಾಯಿಂದ ಕೇಳಬೇಕು ಅಂತ ಬಂದೇನಿ. ನೀವ ಹೇಳಿ ಕಳಿಸಿದ್ದಕ್ಕ ನಾವು ಹೋದದ್ದು."

ಇವತ್ತು ಅವಳಾಗಿಯೇ ಕೂತಳು. ಓದಿದೆ. ಸರಕಾರಿ ಮಾತು ಅವಳಿಗೆ ಹತ್ತಲಿಲ್ಲ. ಇನ್ನೊಮ್ಮೆ ಓದಿ, ಆಮೇಲೆ ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ. ನೀವು ಹೊಳೆ ದಾಟಿ ಬಂದಿರಿ, ಅಂದ ಮೇಲೆ ಹೊಳೆ ದಾಟಲಿಕ್ಕೆ ಬರುತ್ತದೆ, ಅಂದ ಮೇಲೆ ನಿಮ್ಮ ತಕರಾರು ಸುಳ್ಳು.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಾಲಿನ ಎರೆಮಣ್ಣನ್ನು ಬೆರಳಿನಿಂದ ಕೆರೆಯುತ್ತ ಕೂತಳು. ಪಕ್ಕದ ಟೇಬಲ್ಲಿನವರು ಚಹಾಕ್ಕೆ ಎದ್ದು ಹೋದರು.

"ಅಂದ್ರ, ಬರದಿದ್ರ ಗೈರು. ಬಂದ್ರ ಸುಳ್ಳು."

ಹೂಂ ಎಂದೆ.

"ಅಕ್ಕಾರ, ನೀವು ಕಲತವ್ರು, ಒಂದ ಮಾತು ಹೇಳ್ರಿ. ಅವತ್ತ ನಮ್ಮೊಳಗ ಒಬ್ಬಿಬ್ರು ಮುಳುಗಿದ್ರ ಸಾಹೇಬ್ರಿಗೆ ಖರೆ ಅನಸ್ತಿತ್ತೇನ್ರಿ?"

ಕೇಳಿ ನನ್ನ ಮುಖವನ್ನೇ ನೋಡುತ್ತಿದ್ದಳು. ಉತ್ತರ ಸಿಗುತ್ತದೆಂದು ಕಾಯುವ ಹಾಗೆ. ನಾನು ಗಡಿಗೆಯ ಬಾಯಿಗೆ ಕಟ್ಟಿದ ಬಾಳೆ ಎಲೆಯನ್ನು ಇನ್ನಷ್ಟು ಬಿಗಿದು, ಮೊಸರನ್ನು ಅವಳ ಕೈಗೇ ಮರಳಿ ಕೊಟ್ಟೆ.