ಎರಡನೇ ಹಳಿ

ಕಡೇಚೂರು,
೧೧ ಫೆಬ್ರುವರಿ ೨೦೨೫

ನನ್ನವ್ವಾ, ಮೊಮ್ಮಗಳೇ ಮಲ್ಲೇಶ್ವರಿ,

ಹೇಗಿದ್ದೀ? ಕಲಬುರಗಿಯ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ರೊಟ್ಟಿ ಕೊಡುತ್ತಾರೋ ಇಲ್ಲವೋ? ನರ್ಸಿಂಗ್ ಓದುವವಳೇ ಸೊರಗಿದರೆ ರೋಗಿಗಳ ಗತಿಯೇನು? ನಾನು ಗಟ್ಟಿಯಾಗಿದ್ದೇನೆ, ಕಿವಿಯೊಂದು ಬಿಟ್ಟು. ದೀಪಾವಳಿಯಿಂದ ಎರಡೂ ಕೈಕೊಟ್ಟಿವೆ. ಅದಕ್ಕೇ ನಿನ್ನ ಫೋನ್ ಎತ್ತುತ್ತಿಲ್ಲ, ಸಿಟ್ಟಿನಿಂದಲ್ಲ. ಊರಲ್ಲಿ ಯಾರಿಗೂ ಹೇಳಿಲ್ಲ. ತುಟಿ ನೋಡಿ ನಿಭಾಯಿಸುತ್ತೇನೆ, ತಿಳಿಯದಿದ್ದರೆ ನಕ್ಕುಬಿಡುತ್ತೇನೆ.

ನೀನು ಕೊಟ್ಟ ಫೋನು ಮಾತಿಗೆ ಬಾರದಿದ್ದರೂ ಫೋಟೊಕ್ಕೆ ಬಂದಿದೆ. ದಿನಾ ಬುತ್ತಿ ಕಟ್ಟಿಕೊಂಡು ಊರಾಚೆಯ ಮಡ್ಡಿಗೆ ಹೋಗಿ ರೈಲುಗಳ ಫೋಟೊ ತೆಗೆಯುತ್ತೇನೆ. ಕಲ್ಲು, ಒಣಹುಲ್ಲು, ಗಾಳಿ. ನಡುವೆ ಹೋಗುವ ಹಳಿ ಒಂದು, ಬರುವ ಹಳಿ ಒಂದು. ತಿರುವಿನಲ್ಲಿ ಗೂಡ್ಸ್ ಗಾಡಿ ಬಾಗಿ ಬರುವ ಚಂದ ನೀನು ನೋಡಬೇಕು. ಅಲ್ಲಿ ಅಮೋಘಸಿದ್ದ, ಅವನ ಹೆಂಡತಿ ರೇಣಮ್ಮ ಕುರಿ ಮೇಯಿಸುತ್ತಾರೆ. ನೀರಿಗೆ ಹಳಿ ದಾಟಲೇಬೇಕು, ತಿರುವಿನಿಂದಾಗಿ ಗಾಡಿ ಕಾಣುವುದಿಲ್ಲ. ನಾನು ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದವನೆಂದು ನನ್ನನ್ನೇ ಕೇಳುತ್ತಾರೆ: "ಮುತ್ಯಾ, ದಾಟ್ಲೇನ್ರಿ?" ಹಳಿಯ ಮೇಲೆ ಅಂಗೈ ಇಡುತ್ತೇನೆ. ಕಬ್ಬಿಣ ನಡುಗದಿದ್ದರೆ "ದಾಟ್ರಿ" ಎನ್ನುತ್ತೇನೆ. ಒಂಟಿ ಹಳಿಯ ಲೈನಿನಲ್ಲಿ ಮೂವತ್ತು ವರ್ಷ ದುಡಿದ ಕೈ ಇದು, ಒಂದನ್ನು ಮುಟ್ಟಿದರೆ ಕೆಲಸ ಮುಗಿಯಿತು ಅದಕ್ಕೆ.

ನಿನ್ನೆಯೂ ಈಚೆಯ ಹಳಿಯೊಂದನ್ನೇ ಮುಟ್ಟಿದೆ, ಸುಮ್ಮನಿತ್ತು. "ದಾಟ್ರಿ" ಎಂದೆ. ಗಾಡಿ ಆಚೆಯ ಹಳಿಯ ಮೇಲೆ ಬಂತು. ಹಾರ್ನ್ ಹೊಡೆದಿರಬೇಕು, ನನಗೇನು ಗೊತ್ತು? ಅವರು ದಾಟಿಯಾಯಿತೆಂದುಕೊಂಡು ಕಣ್ಣನ್ನು ಫೋನಿಗೇ ನೆಟ್ಟಿದ್ದೆ; ಬಿಸಿಲಿಗೆ ಪರದೆಯಲ್ಲಿ ಏನೂ ಕಾಣದಿದ್ದರೂ ಖುಷಿಯಿಂದ ಫೋಟೊ ತೆಗೆದೆ. ಮನೆಯಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡಿದರೆ ಎಂಜಿನ್ನಿನ ಮುಂದೆ ರೇಣಮ್ಮ, ಕಂಕುಳಲ್ಲಿ ಕುರಿಮರಿ. ಒಂದು ಕಾಲು ಇನ್ನೂ ಹಳಿಯ ಒಳಗೇ ಇದೆ. ಬದುಕಿದ್ದಾಳೆ, ಗಾಬರಿಯಾಗಬೇಡ. ಆದರೆ ನನಗೆ ಊಟ ಇಳಿದಿಲ್ಲ, ಮಗಳೇ. ಆ ಫೋಟೊ ಅಳಿಸಲೂ ಆಗುತ್ತಿಲ್ಲ.

ಚೆನ್ನಾಗಿ ಓದು. ನಿನ್ನ ಕೈಗೆ ಬಂದವರೆಲ್ಲ ಗುಣವಾಗಿ ಮನೆಗೆ ಹೋಗಲಿ.

ನಿನ್ನ ಮುತ್ಯಾ,
ಅಯ್ಯಣ್ಣ

ತಾ.ಕ.: ಈ ಕಾಗದ ಮುಟ್ಟಿದ ಕೂಡಲೇ ಅಮೋಘಸಿದ್ದನಿಗೆ ಫೋನ್ ಮಾಡು, ನಂಬರ್ ಹಿಂದೆ ಬರೆದಿದೆ. ಮುತ್ಯಾನಿಗೆ ಕಿವಿ ಕೇಳಿಸುವುದಿಲ್ಲ, ಅವನ ಮಾತು ನಂಬಬೇಡಿ ಎಂದು ಹೇಳು. ನಾನೇ ಹೇಳೋಣವೆಂದು ಇವತ್ತು ಬೆಳಿಗ್ಗೆ ಹೋಗಿದ್ದೆ. ರೇಣಮ್ಮನೇ ಮುಂದೆ ಬಂದು, "ತಪ್ಪು ನಂದೇ ಮುತ್ಯಾ, ಮರಿ ಹಿಡ್ಯಾಕ ತಡಾ ಮಾಡಿದ್ನಿ" ಎಂದಳು. ನಾಚಿಕೆಯಿಂದ ಕಿವಿಯ ಮಾತು ಬಿಟ್ಟು ಮರಿ ಹೇಗಿದೆ ಎಂದು ಕೇಳಿದೆ. ಮತ್ತೆ ಕೇಳಿದಳು, ದಾಟಲೇ ಎಂದು. ಎರಡೂ ಹಳಿ ಮುಟ್ಟಿದೆ. ನಡುಗುತ್ತಿದ್ದುದು ಹಳಿಯೋ ನನ್ನ ಕೈಯೋ ತಿಳಿಯಲಿಲ್ಲ. ಆದರೂ "ದಾಟ್ರಿ" ಎಂದುಬಿಟ್ಟೆ. ಇವತ್ತು ಗಾಡಿ ಬರಲಿಲ್ಲ, ಅಷ್ಟೇ.